ಆಪತ್ತಿಗೆ ಎಷ್ಟು ಹಣ ಎತ್ತಿಡಬೇಕು? ಕಾಫಿ ಸೀಮೆಯ ಲೆಕ್ಕ

2019ರ ಆಗಸ್ಟ್. ಚಾರ್ಮಾಡಿ ಘಾಟಿಯಲ್ಲಿ ಗುಡ್ಡ ಕುಸಿದು ಮಂಗಳೂರಿನ ದಾರಿ ಮುಚ್ಚಿತ್ತು. ಮೂಡಿಗೆರೆ ಹತ್ತಿರದ ನಮ್ಮೂರಿನಲ್ಲಿ ಅಪ್ಪ ಪಾಚಿಗಟ್ಟಿದ ಅಂಗಳದಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಹಾಸನದ ಮೇಲೆ ಬೆಂಗಳೂರಿಗೆ ಕರೆದೊಯ್ದೆವು. ಆಸ್ಪತ್ರೆಯಲ್ಲಿ 40,000 ರೂಪಾಯಿ ಮುಂಗಡ ಕೇಳಿದರು. ನನ್ನ ಖಾತೆಯಲ್ಲಿದ್ದದ್ದು 6,300. ಹಣವೇ ಇರಲಿಲ್ಲ ಎಂದಲ್ಲ. ಚೀಟಿಯಲ್ಲಿತ್ತು, ಊರಿನ ಸಂಘದ ಠೇವಣಿಯಲ್ಲಿತ್ತು. ಆ ರಾತ್ರಿ ಕೈಗೆ ಸಿಗುವಂತಿರಲಿಲ್ಲ, ಅಷ್ಟೇ. ಅಮ್ಮ ನಲ್ಲಿಯ ಹತ್ತಿರ ನಿಂತು ಕೈಗೆ ಸೋಪು ಹಚ್ಚಿಕೊಂಡು, ಮದುವೆಯಾದಾಗಿನಿಂದ ಬಿಚ್ಚದ ಬಳೆಗಳನ್ನು ಒಂದೊಂದಾಗಿ ಎಳೆದು ತೆಗೆದರು. ಗೆಣ್ಣು ಕೆಂಪಗಾಗಿತ್ತು. ಬೆಳಿಗ್ಗೆ ಅವನ್ನು ಅಡವಿಟ್ಟು ಹಣ ಕಟ್ಟಿದೆವು.

ಆಮೇಲೆ ನಾನೂ ನನ್ನ ಹೆಂಡತಿಯೂ ಕೂತು ಹಾಕಿದ ಲೆಕ್ಕ ಇದು.

ಮೊದಲು ತಿಂಗಳ ಖರ್ಚು

ಸಂಬಳವನ್ನು ಮರೆತುಬಿಡಿ, ಬೇಕಾದದ್ದು ಖರ್ಚಿನ ಲೆಕ್ಕ. ಅದರಲ್ಲೂ ಕೆಲಸ ಹೋದರೂ ನಿಲ್ಲಿಸಲಾಗದ ಖರ್ಚು ಮಾತ್ರ. ಚಿಕ್ಕಮಗಳೂರಿನ ನಮ್ಮ ಬಾಡಿಗೆ ಮನೆಯ ಪಟ್ಟಿ ಹೀಗಿತ್ತು: ಬಾಡಿಗೆ 7,000, ದಿನಸಿ, ಹಾಲು, ಗ್ಯಾಸ್ 9,500, ಶಾಲೆ ಫೀಸು ಮತ್ತು ವ್ಯಾನ್ 4,000, ಕರೆಂಟು, ನೀರು, ಮೊಬೈಲ್ 1,500, ಸಾಲದ ಕಂತು 5,200, ಅಪ್ಪನ ಮಾತ್ರೆ 1,300, ಪೆಟ್ರೋಲ್ 1,500. ಒಟ್ಟು 30,000.

ಇಲ್ಲಿಗೇ ನಿಲ್ಲಿಸಿದರೆ ಲೆಕ್ಕ ತಪ್ಪುತ್ತದೆ. ವರ್ಷಕ್ಕೊಮ್ಮೆ ಬರುವ ವಿಮೆ ಕಂತು, ಬೈಕಿನ ಇನ್ಶೂರೆನ್ಸ್, ಜೂನ್‌ನ ಪುಸ್ತಕ, ಯೂನಿಫಾರಂ ಯಾವ ತಿಂಗಳ ಪಟ್ಟಿಯಲ್ಲೂ ಕಾಣುವುದಿಲ್ಲ. ನಮಗೆ ಅದು 24,000 ಆಗುತ್ತಿತ್ತು. ಹನ್ನೆರಡರಿಂದ ಭಾಗಿಸಿದರೆ 2,000. ಅಲ್ಲಿಗೆ ತಿಂಗಳಿಗೆ 32,000. ಹೋಟೆಲ್, ಹೊಸ ಬಟ್ಟೆ, ಪ್ರವಾಸ ಇದರಲ್ಲಿಲ್ಲ.

ಎಷ್ಟು ತಿಂಗಳಿಗೆ?

ಗಂಡ ಹೆಂಡತಿ ಇಬ್ಬರಿಗೂ ಖಾಯಂ ಕೆಲಸವಿದ್ದರೆ ಮೂರು ತಿಂಗಳು ಸಾಕು. ನಮ್ಮ ಪಟ್ಟಿಯಲ್ಲಾದರೆ 96,000. ಒಂದೇ ಸಂಬಳ ನಂಬಿದ ಮನೆಗೆ ಆರು ತಿಂಗಳು, ಅಂದರೆ 1,92,000. ನಮ್ಮದು ಇದೇ. ಕಾಂಟ್ರ್ಯಾಕ್ಟ್ ಮೇಲೆ ದುಡಿಯುವವರು, ಗಾಡಿ ಓಡಿಸುವವರು, ಮಳೆಗಾಲದಲ್ಲಿ ವ್ಯಾಪಾರ ಬಿದ್ದುಹೋಗುವ ಅಂಗಡಿಯವರು ಆರಕ್ಕಿಂತ ಕಡಿಮೆ ಇಟ್ಟುಕೊಳ್ಳಬಾರದು.

ಬೆಳೆಗಾರರಿಗೆ ಈ ತಿಂಗಳ ಲೆಕ್ಕ ಹೊಂದುವುದೇ ಇಲ್ಲ. ರೊಬಸ್ಟಾ ಕಾಫಿಯ ಕೊಯ್ಲು ಮುಗಿದು ಹಣ ಬಂದರೆ ಮತ್ತೆ ಬರುವುದು ಮುಂದಿನ ವರ್ಷವೇ. ಕೊಯ್ಲಿನಿಂದ ಕೊಯ್ಲಿನವರೆಗೆ ಮನೆ ನಡೆಸುವ ಆ ಹಣವನ್ನು ಆಪತ್ತಿನ ಹಣ ಎಂದುಕೊಳ್ಳುವುದೇ ದೊಡ್ಡ ತಪ್ಪು. ಅದು ಖರ್ಚಿಗೆಂದೇ ಇರುವುದು. ಕಾಫಿ ಗಿಡ ಹೂ ಬಿಡಲು ಬೇಕಾದ ಹೂಮಳೆ ಕೈಕೊಟ್ಟರೆ, ಕಣದಲ್ಲಿ ಒಣಗಲು ಹಾಕಿದ ಹಣ್ಣಿನ ಮೇಲೆ ಅಕಾಲದ ಮಳೆ ಸುರಿದರೆ ಏನು ಗತಿ ಎಂಬುದೇ ನಿಜವಾದ ಪ್ರಶ್ನೆ. ಹಾಗಾಗಿ ಅರ್ಧ ಫಸಲು ಹೋಯಿತು ಎಂದುಕೊಂಡು ಲೆಕ್ಕ ಹಾಕಿ. ಉದಾಹರಣೆಗೆ, ಮನೆ ಖರ್ಚು ತಿಂಗಳಿಗೆ 22,000, ಡೇರಿಗೆ ಹಾಕುವ ಹಾಲಿನಿಂದ 6,000 ಉಳಿಯುತ್ತದೆ ಎನ್ನಿ. ಮಿಕ್ಕ 16,000ದಂತೆ ವರ್ಷಕ್ಕೆ 1,92,000 ಕಾಫಿಯಿಂದಲೇ ಬರಬೇಕು. ಗೊಬ್ಬರ, ಕಳೆ, ಕಪಾತು, ಆಳುಗಳ ಕೂಲಿ ಸೇರಿ ತೋಟಕ್ಕೆ 1,60,000. ಒಟ್ಟು 3,52,000, ಅದರ ಅರ್ಧ 1,76,000. ಎತ್ತಿಡಬೇಕಾದದ್ದು ಅಷ್ಟು. ಹಾಸನದ ಕಡೆಯ ಆಲೂಗಡ್ಡೆ ಬೆಳೆಗಾರರಿಗೂ ಇದೇ ದಾರಿ. ಅಂಗಮಾರಿ ರೋಗ ಬಿದ್ದ ವರ್ಷ ಏನಾಗುತ್ತದೆಂದು ಅವರಿಗೆ ಹೇಳಬೇಕಿಲ್ಲ.

ಇದರ ಮೇಲೆ ಆಸ್ಪತ್ರೆಗೆಂದು ಒಂದು ಗಂಟು ಬೇರೆ ಇರಲಿ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆಯ ನೆರವಿದೆ, ನಿಜ. ಆದರೆ ದೊಡ್ಡ ಕಾಯಿಲೆ ಬಂದರೆ ನಮ್ಮವರು ಘಾಟಿ ಇಳಿಯಬೇಕು, ಇಲ್ಲವೇ ಬೆಂಗಳೂರಿಗೆ ಹೋಗಬೇಕು. ಬಾಡಿಗೆ ಗಾಡಿ, ಜೊತೆಗಿದ್ದವರ ಊಟ, ರೂಮು, ಕಳೆದುಹೋದ ಕೂಲಿ ನಮ್ಮ ತಲೆಯ ಮೇಲೇ. ನಾವು 25,000 ಇಟ್ಟಿದ್ದೇವೆ.

ಎಲ್ಲಿ ಇಡಬೇಕು?

ಒಂದು ತಿಂಗಳ ಖರ್ಚು ಉಳಿತಾಯ ಖಾತೆಯಲ್ಲಿರಲಿ, ಆಸ್ಪತ್ರೆ ಗಂಟೂ ಅಲ್ಲೇ. ಉಳಿದದ್ದನ್ನು ಎಫ್‌ಡಿ ಮಾಡಿ, ಆದರೆ ಒಂದೇ ಬಾಂಡ್ ಬೇಡ. 25,000ದ ತುಂಡುಗಳಾಗಿ ಮಾಡಿಸಿದರೆ ಬೇಕಾದಾಗ ಒಂದನ್ನು ಮಾತ್ರ ಮುರಿಸಬಹುದು. ಅವಧಿಗೆ ಮುಂಚೆ ಮುರಿಸಿದರೆ ಬಡ್ಡಿಯಲ್ಲಿ ಸಾಮಾನ್ಯವಾಗಿ ಅರ್ಧದಿಂದ ಒಂದು ಪರ್ಸೆಂಟ್ ಕಡಿತವಾಗುತ್ತದೆ, ಹೋಗಲಿ ಬಿಡಿ.

ಬ್ಯಾಂಕಿನ ಠೇವಣಿಗೆ ಒಬ್ಬ ಠೇವಣಿದಾರನಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷದವರೆಗೆ ವಿಮೆಯಿದೆ. 2020ರ ಫೆಬ್ರುವರಿಗೆ ಮುಂಚೆ ಅದು 1 ಲಕ್ಷವಿತ್ತು. ಊರಿನ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘದ ಠೇವಣಿಗೆ ಈ ವಿಮೆ ಇಲ್ಲ. ಸಂಘ ಒಳ್ಳೆಯದೇ, ನಾನೂ ಸದಸ್ಯ. ಆದರೆ ಆಪತ್ತಿನ ಹಣ ಅಲ್ಲಿ ಬೇಡ. ಚೀಟಿಯಲ್ಲೂ ಬೇಡ: ಅವಸರಕ್ಕೆ ಕೂಗಿದವರು ಎಷ್ಟು ಕಳೆದುಕೊಳ್ಳುತ್ತಾರೆಂದು ಕಂಡಿದ್ದೇವೆ.

ಖಾತೆ ಜಂಟಿಯಾಗಿರಲಿ, 'ಇಬ್ಬರಲ್ಲಿ ಯಾರಾದರೂ' ಹಣ ತೆಗೆಯುವಂತೆ ಬರೆಸಿ. ಸ್ಟ್ರೆಚರ್ ಮೇಲೆ ಮಲಗಿರುವವರೇ ಖಾತೆದಾರರಾಗಿದ್ದರೆ ಚೆಕ್ಕಿಗೆ ಸಹಿ ಹಾಕುವವರು ಯಾರು?

ಕೂಡಿಸುವುದು

1,92,000 ಕೇಳಿದರೆ ಎದೆ ಧಸಕ್ಕೆನ್ನುತ್ತದೆ. ನಾವು ಮೊದಲು ಆಸ್ಪತ್ರೆಯ 25,000 ಮಾತ್ರ ಗುರಿ ಇಟ್ಟುಕೊಂಡೆವು. ಸಂಬಳದ ಮಾರನೇ ದಿನವೇ 3,000 ಆರ್‌ಡಿಗೆ, ಅಂದರೆ ತಿಂಗಳು ತಿಂಗಳು ಕಟ್ಟುವ ಠೇವಣಿಗೆ, ಹೋಗುವಂತೆ ಮಾಡಿದೆವು. ಒಂಬತ್ತನೇ ತಿಂಗಳಿಗೆ ಗುರಿ ದಾಟಿತು. ಬೆಳೆಗಾರರಾದರೆ ಕಾಫಿ ಮಾರಿದ ಹಣ ಖಾತೆಗೆ ಬಿದ್ದ ದಿನವೇ ಪಾಲು ಎತ್ತಿಡಬೇಕು, ಗೊಬ್ಬರದಂಗಡಿಯ ಬಾಕಿ ತೀರಿಸಿದ ಮೇಲೆ ನೋಡೋಣ ಎನ್ನಬಾರದು.

ಯುಗಾದಿ ಕಳೆದ ಮೇಲೆ ವರ್ಷಕ್ಕೊಮ್ಮೆ ಪಟ್ಟಿಯನ್ನು ತೆಗೆದು ತಿದ್ದುತ್ತೇವೆ. ಈ ಸಲ ಅಪ್ಪನ ಮಾತ್ರೆ 1,300ರಿಂದ 1,700ಕ್ಕೆ ಏರಿತ್ತು. ಹೆಚ್ಚಾದ 400ನ್ನು ಆರರಿಂದ ಗುಣಿಸಿ, 2,400 ಸೇರಿಸಿದೆವು.