ಫಿನ್ಲೆಂಡಿನ ಕ್ರಿಸ್‌ಮಸ್: 24ರ ಮಧ್ಯಾಹ್ನ ಇಟ್ಟುಕೊಂಡು ಲೆಕ್ಕ ಹಾಕಿದ್ದು

ಫಿನ್ಲೆಂಡಿನಲ್ಲಿ ಕ್ರಿಸ್‌ಮಸ್ ಹಬ್ಬ ಡಿಸೆಂಬರ್ 25ರದ್ದಲ್ಲ, 24ರದ್ದು. ಅದೂ ಮಧ್ಯಾಹ್ನ 12ಕ್ಕೆ ಸರಿಯಾಗಿ ಶುರು. ತುರ್ಕು ಊರಿನ ಹಳೇ ಚೌಕದಲ್ಲಿ, ಬ್ರಿಂಕ್ಕಲಾ ಎಂಬ ಕಟ್ಟಡದ ಉಪ್ಪರಿಗೆಯಿಂದ ‘ಕ್ರಿಸ್‌ಮಸ್ ಶಾಂತಿ’ಯನ್ನು ಸಾರುತ್ತಾರೆ. ಅಲ್ಲಿಂದ ಮುಂದೆ ಅಂಗಡಿ, ಹೋಟೆಲು, ಬಸ್ಸು, ರೈಲು ಎಲ್ಲ ಒಂದೊಂದಾಗಿ ತಣ್ಣಗಾಗುತ್ತವೆ. ಇದು ಗೊತ್ತಿಲ್ಲದೆ 24ರ ಸಂಜೆ ಬಂದಿಳಿದರೆ ಹಬ್ಬವೂ ಇಲ್ಲ, ಊಟವೂ ಇಲ್ಲ. ಹಾಗಾಗಿ ನಾನು 23ರೊಳಗೆ ತುರ್ಕು ಸೇರಿ, 26ರ ನಂತರ ಉತ್ತರದ ರೊವಾನಿಯೆಮಿಗೆ ಹೋಗುವಂತೆ ಟಿಕೆಟ್ ಮಾಡಿಸಿದೆ. ಹಿಮ ಖಾತ್ರಿಯಾಗಿ ಸಿಗುವುದೂ ಉತ್ತರದಲ್ಲೇ. ದಕ್ಷಿಣದ ತುರ್ಕು, ಹೆಲ್ಸಿಂಕಿಗಳಲ್ಲಿ ಎಷ್ಟೋ ವರ್ಷ ಹಿಮವಿಲ್ಲದೆ ಬರೀ ಮಳೆ. ಅದಕ್ಕೆ ಅವರೇ ‘ಕಪ್ಪು ಕ್ರಿಸ್‌ಮಸ್’ ಎನ್ನುತ್ತಾರೆ.

ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಸಲ್ಲುವ ಷೆಂಗೆನ್ ವೀಸಾಗೆ ಸೆಪ್ಟೆಂಬರಿನಲ್ಲೇ ಅರ್ಜಿ ಹಾಕಿದೆ. ಆರು ತಿಂಗಳು ಮೊದಲೇ ಹಾಕಬಹುದು. ಪ್ರಯಾಣ ವಿಮೆ ಕನಿಷ್ಠ 30,000 ಯೂರೋದ್ದು ಬೇಕು. ವಾಪಸಾದ ಮೇಲೂ ಮೂರು ತಿಂಗಳು ಪಾಸ್‌ಪೋರ್ಟ್ ಚಾಲ್ತಿಯಲ್ಲಿರಬೇಕು, ಎರಡು ಖಾಲಿ ಪುಟವಿರಬೇಕು.

ಇನ್ನು ಬಟ್ಟೆ. ನಮ್ಮವರು ಹಣ ಸುರಿಯುವುದು ದಪ್ಪ ಜಾಕೆಟ್ಟಿಗೆ. ತೊಂದರೆ ಕೊಡುವುದು ಮೈಗೆ ತಾಗುವ ಬಟ್ಟೆ ಮತ್ತು ಬೂಟು. ಹತ್ತಿ ಬನಿಯನ್ ಬೆವರು ಹೀರಿ ಒದ್ದೆಯಾಗಿ ಕೂತರೆ ಜಾಕೆಟ್ ಎಷ್ಟೇ ದಪ್ಪವಿದ್ದರೂ ನಡುಕ ತಪ್ಪದು. ಒಳಗೆ ಮೆರಿನೋ ಉಣ್ಣೆ, ನಡುವೆ ಫ್ಲೀಸ್, ಹೊರಗೆ ಗಾಳಿ ತಡೆಯುವ ಜಾಕೆಟ್ ಹಾಕಿದೆ. ಒಳಾಂಗಣವೆಲ್ಲ 20 ಡಿಗ್ರಿಯ ಮೇಲೇ ಇರುವುದರಿಂದ ಬಾಗಿಲು ದಾಟಿದ ಕೂಡಲೇ ಮೇಲಿನೆರಡು ಪದರ ತೆಗೆಯಬೇಕು, ಇಲ್ಲದಿದ್ದರೆ ಅಲ್ಲೇ ಬೆವರಿ ಹೊರಗೆ ಬಂದು ನಡುಗುವುದು. ಬೂಟು ನನ್ನ ಅಳತೆಗಿಂತ ಒಂದು ಸೈಜು ದೊಡ್ಡದು. ಬಿಗಿ ಬೂಟಿನೊಳಗೆ ಎರಡು ಜೊತೆ ಸಾಕ್ಸ್ ತುರುಕಿದರೆ ರಕ್ತ ಓಡಾಡದೆ ಬೆರಳು ಮೊದಲು ಮರಗಟ್ಟುತ್ತದೆ.

ಮೈನಸ್ 15ಕ್ಕಿಂತ ಸೊನ್ನೆ ಡಿಗ್ರಿಯ ಆಸುಪಾಸಿನಲ್ಲೇ ಜಾರುವುದು ಹೆಚ್ಚು, ಮಂಜುಗಡ್ಡೆಯ ಮೇಲೆ ತೆಳುವಾಗಿ ನೀರು ನಿಲ್ಲುವುದರಿಂದ. ಮಳೆಗಾಲದಲ್ಲಿ ಪಾಚಿಗಟ್ಟಿದ ಅಂಗಳ ದಾಟುವ ನಡಿಗೆ ಇಲ್ಲಿಗೂ ಸರಿ: ಪುಟ್ಟ ಹೆಜ್ಜೆ, ಪಾದ ಚಪ್ಪಟೆ, ಕೈ ಜೇಬಿನ ಹೊರಗೆ. ಬೂಟಿಗೆ ತೊಡಿಸುವ ಮೊಳೆಪಟ್ಟಿ ಅಲ್ಲಿನ ಅಂಗಡಿಗಳಲ್ಲಿ ಸಿಗುತ್ತದೆ. ಕತ್ತಲಲ್ಲಿ ನಡೆಯುವವರು ಹೊಳೆಯುವ ರಿಫ್ಲೆಕ್ಟರ್ ತೂಗುಹಾಕಿಕೊಳ್ಳಬೇಕೆಂದು ಕಾನೂನೇ ಇದೆ.

ತುರ್ಕುವಿನ ಕ್ರಿಸ್‌ಮಸ್ ಶಾಂತಿಯ ಘೋಷಣೆಗೆ 11ಕ್ಕೇ ಚೌಕದಲ್ಲಿ ನಿಂತರೆ ಜಾಗ ಸಿಗುತ್ತದೆ. ಕೆಥೆಡ್ರಲ್‌ನ ಗಂಟೆ ಹನ್ನೆರಡು ಬಾರಿಸುತ್ತದೆ, ಸ್ತೋತ್ರ ಹಾಡುತ್ತಾರೆ, ಆಮೇಲೆ ಸುರುಳಿ ಬಿಚ್ಚಿ ಫಿನ್ನಿಷ್ ಮತ್ತು ಸ್ವೀಡಿಷ್‌ನಲ್ಲಿ ಓದುತ್ತಾರೆ. ಹಬ್ಬದ ಶಾಂತಿ ಕೆಡಿಸಿದವರಿಗೆ ಶಿಕ್ಷೆ ಇನ್ನೂ ಕಠಿಣ ಎಂಬ ಎಚ್ಚರಿಕೆಯೂ ಅದರಲ್ಲುಂಟು. 1935ರಿಂದ ರೇಡಿಯೋದಲ್ಲೂ ಬರುತ್ತಿದೆ.

ಸಂಜೆ ಸ್ಮಶಾನಕ್ಕೆ. ಹಬ್ಬದ ದಿನ ಸ್ಮಶಾನವೇ ಎಂದು ನಮಗೆ ಇರುಸುಮುರುಸಾಗಬಹುದು, ಆದರೆ ಇಡೀ ಪ್ರವಾಸದಲ್ಲಿ ಬಿಡಬಾರದ್ದು ಅದೊಂದೇ. ಸಮಾಧಿ ಸಮಾಧಿಗೂ ದೀಪ. ಬೇರೆಡೆ ಮಣ್ಣಾದವರ ನೆನಪಿಗೆಂದು ಸಾಮಾನ್ಯವಾಗಿ ಒಂದು ಕಲ್ಲೋ ಶಿಲುಬೆಯೋ ಪ್ರತ್ಯೇಕವಾಗಿರುತ್ತದೆ. ಪರವೂರಿನವರು ಅಲ್ಲಿ ಹಚ್ಚಬಹುದು. ಮುಚ್ಚಳವಿರುವ ಸಮಾಧಿ ದೀಪವನ್ನು ಸೂಪರ್ ಮಾರ್ಕೆಟ್ಟಿನಲ್ಲಿ 23ಕ್ಕೇ ಕೊಂಡಿಟ್ಟುಕೊಳ್ಳಿ. ಗ್ಯಾಸ್ ಲೈಟರ್ ನಂಬಬೇಡಿ: ಅದರೊಳಗಿನ ಬ್ಯುಟೇನ್ ಅನಿಲ ಸೊನ್ನೆಯ ಕೆಳಗೆ ಸರಿಯಾಗಿ ಆವಿಯಾಗದು, ಕಿಡಿ ಬಂದರೂ ಉರಿ ಬಾರದೆ ಹೋಗಬಹುದು. ಉದ್ದ ಕಡ್ಡಿಯ ಬೆಂಕಿಪೊಟ್ಟಣವೇ ವಾಸಿ.

ಸೌನಾಗೆ, ಅಂದರೆ ಕಾದ ಕಲ್ಲಿನ ಬಿಸಿ ಕೋಣೆಗೆ, ಹೋಗುವ ಮುಂಚೆ ಸರ, ಬಳೆ, ಕರಿಮಣಿ ತೆಗೆದಿಡಿ. 80 ಡಿಗ್ರಿ ಕಾವಿನಲ್ಲಿ ಲೋಹ ಚರ್ಮ ಸುಡುತ್ತದೆ. ಮೊದಲು ಸ್ನಾನ, ಆಮೇಲೆ ಟವೆಲ್ ಹಾಸಿ ಕೆಳಗಿನ ಮೆಟ್ಟಿಲ ಮೇಲೆ ಹತ್ತು ನಿಮಿಷ. ಬಿಸಿಯೆಲ್ಲ ಮೇಲೇರುವುದರಿಂದ ಕೆಳಗಿನದು ಹೊಸಬರ ಜಾಗ. ಕಲ್ಲಿಗೆ ಒಂದೇ ಸೌಟು ನೀರು. ಬಚ್ಚಲ ಹಂಡೆ ಬಗ್ಗಿಸಿದಂತೆ ಸುರಿದರೆ ಜೊತೆಗಿದ್ದವರು ಎದ್ದು ಹೋಗುತ್ತಾರೆ.

ಅಡುಗೆಮನೆ ಇರುವ ಬಾಡಿಗೆ ಮನೆ ಹಿಡಿದದ್ದರಿಂದ 24ರ ಬೆಳಗಿನ ಅಕ್ಕಿ ಗಂಜಿ, ಅಂದರೆ ರೀಸಿಪೂರೋ, ನಾನೇ ಮಾಡಿದೆ. ನಮ್ಮ ಪಾಯಸದ ದೂರದ ನೆಂಟ, ಬೆಲ್ಲವಿಲ್ಲ ಅಷ್ಟೆ. 200 ಮಿಲೀ ಅಳತೆಯ ಗುಂಡಕ್ಕಿಯನ್ನು 300 ಮಿಲೀ ನೀರಿನಲ್ಲಿ ಕುದಿಸಿ, ನೀರು ಹೀರಿದ ಮೇಲೆ ಒಂದು ಲೀಟರ್ ಗಟ್ಟಿ ಹಾಲು ಹಾಕಿ ಸಣ್ಣ ಉರಿಯಲ್ಲಿ 40 ನಿಮಿಷ. ಅಕ್ಕಿಯ ಪೊಟ್ಟಣದ ಮೇಲೆ ‘ಪೂರೋರೀಸಿ’ ಎಂದಿರಬೇಕು. ಬಾಸ್ಮತಿ ಹಾಕಿದರೆ ಅಗುಳು ಬಿಡಿಬಿಡಿಯಾಗಿ ಹಾಲು ಹಾಲಾಗೇ ಉಳಿಯುತ್ತದೆ. ತಳ ಹಿಡಿಯುವುದು ಕೊನೆಯ ಹದಿನೈದು ನಿಮಿಷದಲ್ಲಿ, ಆಗ ಸೌಟು ಕೈಬಿಡಬಾರದು. ಹಿಡಿದರೆ ಕೆರೆಯದೆ ಮೇಲಿನದಷ್ಟನ್ನೇ ಬೇರೆ ಪಾತ್ರೆಗೆ ಬಗ್ಗಿಸಿ. ಉಪ್ಪು ಕೊನೆಗೆ ಅರ್ಧ ಚಮಚ. ಮೇಲೆ ಸಕ್ಕರೆ, ದಾಲ್ಚಿನ್ನಿ ಪುಡಿ, ನಡುವೆ ಬೆಣ್ಣೆ. ಒಂದೇ ಒಂದು ಬಾದಾಮಿ ಒಳಗೆ ಅಡಗಿಸುತ್ತಾರೆ, ಸಿಕ್ಕವರಿಗೆ ಅದೃಷ್ಟ.

ಸಸ್ಯಾಹಾರಿಗಳು ಉಪವಾಸ ಬೀಳಬೇಕಿಲ್ಲ. ಗಜ್ಜರಿ, ಆಲೂಗಡ್ಡೆ, ಗಡ್ಡೆಕೋಸಿನಂಥ ಲಾಂಟ್ಟು, ಇವುಗಳನ್ನು ಅರೆದು ಬೇಯಿಸಿದ ‘ಲಾಟಿಕ್ಕೊ’ ಡಬ್ಬಿಗಳು ಸಿಗುತ್ತವೆ. ಡಬ್ಬಿಯ ಮೇಲೆ ‘ಮುನಾ’ ಎಂದಿದ್ದರೆ ಮೊಟ್ಟೆ, ‘ಲೀವತೆ’ ಎಂದಿದ್ದರೆ ಪ್ರಾಣಿಮೂಲದ ಜೆಲಟಿನ್.

ರೊವಾನಿಯೆಮಿಗೆ ಹೆಲ್ಸಿಂಕಿಯಿಂದ ರಾತ್ರಿ ರೈಲು, ಸುಮಾರು 12 ಗಂಟೆ. ಮಲಗುವ ಕ್ಯಾಬಿನ್ ತಿಂಗಳುಗಳ ಮೊದಲೇ ತುಂಬುತ್ತದೆ. ಡಿಸೆಂಬರ್ ಕೊನೆಯಲ್ಲಿ ಅಲ್ಲಿ ಸೂರ್ಯ 11ರ ಹೊತ್ತಿಗೆ ಹುಟ್ಟಿ 1:30ರ ಸುಮಾರಿಗೆ ಮುಳುಗುವುದರಿಂದ ಹೊರಗಿನ ಕೆಲಸ ಮಧ್ಯಾಹ್ನಕ್ಕೇ ಇಟ್ಟುಕೊಳ್ಳಿ. ಆರ್ಕ್ಟಿಕ್ ವೃತ್ತದ ಮೇಲಿರುವ ಸಾಂಟಾ ಹಳ್ಳಿ ಊರಿನಿಂದ 8 ಕಿಮೀ. ಒಳಗೆ ಹೋಗುವುದು, ಸಾಂಟಾನನ್ನು ನೋಡುವುದು ಪುಕ್ಕಟೆ, ಅಲ್ಲಿ ತೆಗೆಯುವ ಫೋಟೋಗೆ ದುಡ್ಡು. ನನಗೆ ಅದಕ್ಕಿಂತ ಪಕ್ಕದ ದಿಬ್ಬವೇ ಹಿಡಿಸಿತು: ‘ಪುಲ್ಕ’ ಎಂಬ ಪ್ಲಾಸ್ಟಿಕ್ ಜಾರುಬಂಡಿ, ಅಡಿಕೆ ಹಾಳೆ ಎಳೆದು ಬೆಳೆದವರಿಗೆ ಕಲಿಸಬೇಕಾಗಿಯೇ ಇಲ್ಲ.

ಫೋನು ಒಳಜೇಬಿನಲ್ಲಿರಲಿ, ಚಳಿಗೆ ಬ್ಯಾಟರಿ 40 ಶೇಕಡಾ ತೋರಿಸುತ್ತಲೇ ಆರಿಹೋಗುತ್ತದೆ. ಕ್ಯಾಮೆರಾವನ್ನು ಹೊರಗಿರುವಾಗಲೇ ಜಿಪ್ ಕವರಿಗೆ ಹಾಕಿ ಮುಚ್ಚಿ ಒಳಗೆ ತನ್ನಿ. ಕವರಿನ ಹೊರಮೈ ಬೆವರಿ, ಪೂರ್ತಿ ಒಣಗಿದ ಮೇಲಷ್ಟೇ ತೆರೆಯಿರಿ.