ತಪಸ್ಸುಕಾಲದ ಉಪವಾಸ: ಆಚರಿಸುವ ಬಗೆ

ತಪಸ್ಸುಕಾಲವೆಂದರೆ ಈಸ್ಟರ್ ಹಬ್ಬಕ್ಕೆ ಮುಂಚಿನ 40 ದಿನಗಳ ಪ್ರಾಯಶ್ಚಿತ್ತದ ಅವಧಿ. ಕಥೋಲಿಕ ಕ್ರೈಸ್ತರಿಗೆ ಉಪವಾಸ ಕಡ್ಡಾಯವಾಗಿರುವುದು ವರ್ಷಕ್ಕೆ ಎರಡೇ ದಿನ: ತಪಸ್ಸುಕಾಲ ಆರಂಭವಾಗುವ ವಿಭೂತಿ ಬುಧವಾರ, ಯೇಸುವಿನ ಮರಣವನ್ನು ನೆನೆಯುವ ಶುಭ ಶುಕ್ರವಾರ (ಗುಡ್ ಫ್ರೈಡೇ). ವಯಸ್ಸು 18 ತುಂಬಿದಲ್ಲಿಂದ 59 ತುಂಬುವವರೆಗೆ ಈ ನಿಯಮ. ಹೊಟ್ಟೆತುಂಬ ಊಟ ಒಂದೇ ಹೊತ್ತು. ಉಳಿದೆರಡು ಹೊತ್ತಿನ ಅಲ್ಪಾಹಾರ ಒಟ್ಟು ಸೇರಿದರೂ ಒಂದು ಊಟದಷ್ಟಾಗಬಾರದು. ನೀರು, ಔಷಧಿಗೆ ತಡೆಯಿಲ್ಲ. ಗರ್ಭಿಣಿಯರು, ಸಕ್ಕರೆ ಕಾಯಿಲೆಯವರು ಹಠ ಹಿಡಿಯಬೇಡಿ. ಬದಲಿಗೆ ಏನು ಮಾಡಬಹುದೆಂದು ಧರ್ಮಕೇಂದ್ರದ (ನಿಮ್ಮ ಊರಿನ ಚರ್ಚಿನ) ಗುರುಗಳನ್ನು ಕೇಳಿ.

ತಪಸ್ಸುಕಾಲದ ಶುಕ್ರವಾರಗಳಲ್ಲಿ 14 ತುಂಬಿದ ಎಲ್ಲರಿಗೂ ಮಾಂಸವರ್ಜನೆ. ಮೀನು, ಮೊಟ್ಟೆ, ಹಾಲು ನಡೆಯುತ್ತದೆ. ಹಾಗೆಂದು ಕೋಳಿ ಬಿಟ್ಟು ಅಂಜಲ್ ಮೀನಿನ ಫ್ರೈ ಸವಿದರೆ ನಿಯಮ ಉಳಿಯುತ್ತದೆ, ತಪಸ್ಸು ಉಳಿಯುವುದಿಲ್ಲ.

ಕಷ್ಟವಿರುವುದು ಉಳಿದ ದಿನಗಳಲ್ಲಿ. ತಾವಾಗಿ ಆರಿಸಿಕೊಳ್ಳುವ ತ್ಯಾಗ ಒಂದೇ ಇರಲಿ, ಸ್ಪಷ್ಟವಾಗಿರಲಿ. ‘ಮೊಬೈಲ್ ಕಡಿಮೆ ಮಾಡುತ್ತೇನೆ’ ಎಂಬ ಸಂಕಲ್ಪ ವಾರದೊಳಗೆ ಕರಗುತ್ತದೆ. ‘ರಾತ್ರಿ ಊಟದ ನಂತರ ಮುಟ್ಟುವುದಿಲ್ಲ’ ಎಂದರೆ ನಿಲ್ಲುತ್ತದೆ. ಉಳಿದ ಸಮಯ ಪ್ರಾರ್ಥನೆಗೆ, ಉಳಿದ ಹಣ ಬಡವರಿಗೆ. ಈ ಜೋಡಣೆಯಿಲ್ಲದಿದ್ದರೆ ಉಪವಾಸ ಬರಿಯ ಪಥ್ಯ. ಚಹಾ ಬಿಟ್ಟರೆ ಅದರ ದುಡ್ಡನ್ನು ಅಂದೇ ಡಬ್ಬಿಗೆ ಹಾಕಿ. ಆಮೇಲೆ ಎಂದರೆ ಖರ್ಚಾಗಿಬಿಡುತ್ತದೆ.

ಹಸಿವಿನ ಸಿಡುಕು ಮನೆಯವರ ಮೇಲೆ ತಿರುಗಿದರೆ ತ್ಯಾಗದ ಅಳತೆ ತಗ್ಗಿಸಿ, ಸಹನೆಯನ್ನೇ ವ್ರತವಾಗಿಸಿಕೊಳ್ಳಿ. ಒಂದು ದಿನ ತಪ್ಪಿದರೆ ಮರುದಿನ ಇಮ್ಮಡಿ ಮಾಡಲು ಹೋಗಬೇಡಿ, ಅಲ್ಲಿಂದಲೇ ಮುಂದುವರಿಸಿ. ಭಾನುವಾರಗಳು 40 ದಿನಗಳ ಲೆಕ್ಕಕ್ಕೆ ಸೇರುವುದಿಲ್ಲ.