ವೆನಿಲ್ಲಾ ಬಾಟಲಿಗೆ ಅವಸರ ಆಗಿಬರುವುದಿಲ್ಲ

ಹಬ್ಬ ಇನ್ನು ಎರಡೇ ವಾರ ಇದೆ ಎನ್ನುವಾಗ ವೆನಿಲ್ಲಾ ಎಕ್ಸ್‌ಟ್ರಾಕ್ಟ್ ಮಾಡಲು ಕೂರುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ವೆನಿಲ್ಲಾ ಕೋಡನ್ನು, ಅಂದರೆ ಒಣಗಿಸಿ ಹದ ಮಾಡಿದ ಕಾಯಿಯನ್ನು, ಮದ್ಯದಲ್ಲಿ ನೆನೆಸಿಟ್ಟು ತೆಗೆಯುವ ಸಾರ ಅದು. ಚಂದದ ಪುಟ್ಟ ಬಾಟಲಿ, ಅದಕ್ಕೊಂದು ರಿಬ್ಬನ್, ಒಳಗೆ ತಿಳಿ ಬಣ್ಣದ ವೋಡ್ಕಾ, ಅದರಲ್ಲಿ ಒಂದೇ ಒಂದು ಕೋಡು. ಇದನ್ನು ಉಡುಗೊರೆ ಅಂತ ಕೊಡುತ್ತಾರೆ. ತೆಗೆದುಕೊಂಡವರು ಪಾಪ, ಖುಷಿಯಿಂದ ಕೇಕಿಗೆ ಹಾಕುತ್ತಾರೆ. ಘಮವೂ ಇಲ್ಲ, ರುಚಿಯೂ ಇಲ್ಲ. ಕೊಟ್ಟವರ ಮುಖ ನೋಡಿ ಹೇಳುವುದಕ್ಕೂ ಆಗದೆ ಬಾಟಲಿಯನ್ನು ಕಪಾಟಿನ ಮೂಲೆಗೆ ತಳ್ಳುತ್ತಾರೆ.

ಇದೇನು ಕಷ್ಟದ ಕೆಲಸ ಅಲ್ಲ. ಕೋಡು ಬೇಕು, ಮದ್ಯ ಬೇಕು, ಬಾಟಲಿ ಬೇಕು, ತಾಳ್ಮೆ ಬೇಕು. ಮೊದಲ ಮೂರಕ್ಕೆ ಎಷ್ಟು ಬೇಕಾದರೂ ದುಡ್ಡು ಸುರಿಯುತ್ತಾರೆ. ನಾಲ್ಕನೆಯದಕ್ಕೆ ಬಂದಾಗ ಜಿಪುಣತನ.

ಹಾಕಿದ ಕೆಲವೇ ದಿನಗಳಲ್ಲಿ ಬಣ್ಣ ಇಳಿಯುತ್ತದೆ, ನಿಜ. ಬಣ್ಣ ಬಂತು ಅಂದರೆ ಆಯಿತು ಅಂತಲ್ಲ. ಎರಡು ತಿಂಗಳು ಕಾಯಲೇಬೇಕು. ಆರು ತಿಂಗಳಾದರೆ ಚೆನ್ನಾಗಿರುತ್ತದೆ, ವರ್ಷವಾದರೆ ಇನ್ನೂ ಚೆನ್ನಾಗಿರುತ್ತದೆ. ವೆನಿಲ್ಲಾದಲ್ಲಿ ಇರುವುದು ವೆನಿಲಿನ್ ಎಂಬ ಮುಖ್ಯ ಪರಿಮಳದ ಅಂಶ ಒಂದೇ ಅಲ್ಲ. ಪರಿಮಳ ಕೊಡುವ ಅಂಶಗಳು ಇನ್ನೂ ನೂರಾರು ಇವೆ. ಅವೆಲ್ಲ ಕೋಡಿನಿಂದ ನಿಧಾನವಾಗಿ ಬಿಟ್ಟುಕೊಳ್ಳಬೇಕು, ಮದ್ಯದ ಘಾಟೂ ಇಳಿಯಬೇಕು. ವರ್ಷದ ಕೊನೆಯ ಹಬ್ಬಕ್ಕೆ ಕೊಡುವುದಾದರೆ ಜೂನ್ ತಿಂಗಳಲ್ಲಿ ಹಾಕಿಡಿ. ಬೇಗ ಆಗಲಿ ಅಂತ ಒಲೆಯ ಮೇಲೆ ಬಿಸಿ ಮಾಡುವವರೂ ಇದ್ದಾರೆ. ದಯವಿಟ್ಟು ಬೇಡ. ಮದ್ಯದ ಆವಿಗೆ ಬೆಂಕಿ ಹತ್ತಿಕೊಳ್ಳುತ್ತದೆ, ಪರಿಮಳವೂ ಹಾರಿಹೋಗುತ್ತದೆ.

ಆರು ತಿಂಗಳಾ ಅಂತ ಬಾಯಿ ಬಿಡುವವರು ಆ ಕೋಡು ಎಲ್ಲಿಂದ ಬಂತು ಅಂತ ಸ್ವಲ್ಪ ಯೋಚಿಸಲಿ. ವೆನಿಲ್ಲಾ ಆರ್ಕಿಡ್ ಜಾತಿಯ ಬಳ್ಳಿ. ಹೂವು ಅರಳಿ ನಿಲ್ಲುವುದು ಒಂದೇ ದಿನ. ಅಷ್ಟರೊಳಗೆ ಒಂದೊಂದು ಹೂವಿಗೂ ಕೈಯಿಂದಲೇ ಪರಾಗ ಮುಟ್ಟಿಸಬೇಕು. ಸಣ್ಣ ಕಡ್ಡಿಯಿಂದ ಹಾಗೆ ಮಾಡುವ ಸುಲಭದ ದಾರಿಯನ್ನು 1841ರಲ್ಲಿ ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದಲ್ಲಿ ತೋರಿಸಿಕೊಟ್ಟವನು ಎಡ್ಮಂಡ್ ಆಲ್ಬಿಯಸ್. ಆಗ ಅವನು ಗುಲಾಮಗಿರಿಯಲ್ಲಿದ್ದ ಹನ್ನೆರಡು ವರ್ಷದ ಹುಡುಗ. ಇಂದಿಗೂ ತೋಟಗಳಲ್ಲಿ ಅದೇ ವಿಧಾನ ನಡೆಯುತ್ತಿದೆ. ಆಮೇಲೆ ಕಾಯಿ ಬಲಿಯಲು ಸುಮಾರು ಒಂಬತ್ತು ತಿಂಗಳು. ಕಿತ್ತ ಹಸಿರು ಕಾಯಿಗೆ ಘಮ ಇರುವುದಿಲ್ಲ. ಬಿಸಿನೀರಿನಲ್ಲಿ ಅದ್ದಿ, ಸುತ್ತಿಟ್ಟು ಬೆವರಿಸಿ, ಒಣಗಿಸಿ, ಪೆಟ್ಟಿಗೆಯಲ್ಲಿಟ್ಟು ಹದ ಮಾಡುವುದಕ್ಕೆ ಮತ್ತೆ ತಿಂಗಳುಗಟ್ಟಲೆ ಬೇಕು. ಇಷ್ಟು ಜನ ಇಷ್ಟು ಕಾದ ಮೇಲೆ ನಿಮಗೆ ಆರು ತಿಂಗಳು ಜಾಸ್ತಿ ಆಯಿತಾ?

ಕೋಡು ಕೊಳ್ಳುವಾಗ ದಪ್ಪಗೆ ಎಣ್ಣೆ ಸವರಿದಂತೆ ಹೊಳೆಯುವುದೇ ಬೇಕು ಅಂತ ಹಟ ಬೇಡ. ಅದರಲ್ಲಿ ನೀರಿನಂಶ ಹೆಚ್ಚು, ಬೆಲೆಯೂ ಹೆಚ್ಚು. ಎಕ್ಸ್‌ಟ್ರಾಕ್ಟಿಗೆ ಬಿ ದರ್ಜೆಯ, ಸ್ವಲ್ಪ ಒಣಗಿದ ತೆಳು ಕೋಡೇ ಸರಿ. ಬಗ್ಗಿಸಿದರೆ ಬಗ್ಗಬೇಕು, ಮೂಗಿಗೆ ಹಿಡಿದರೆ ಘಮ್ಮೆನ್ನಬೇಕು. ಪುಡಿಪುಡಿಯಾಗಿ ಮುರಿಯುವುದು, ವಾಸನೆಯೇ ಇಲ್ಲದ್ದು ಬೇಡ. ಕೆಲವು ಕೋಡಿನ ಮೇಲೆ ಬಿಳಿ ಇರುತ್ತದೆ. ಬೆಳಕಿಗೆ ಹಿಡಿದಾಗ ಸಣ್ಣ ಸೂಜಿಗಳಂತೆ ಮಿನುಗಿದರೆ ಅದು ವೆನಿಲಿನ್ ಹರಳು, ಒಳ್ಳೆಯದೇ. ಮಿನುಗದೆ ಮಂಕಾಗಿ ಬೂದುಬೂದಾಗಿದ್ದು ಮುಗ್ಗಲು ವಾಸನೆ ಬಂದರೆ ಬೂಷ್ಟು. ಮದ್ಯದಲ್ಲಿ ಎಲ್ಲಾ ಸರಿಹೋಗುತ್ತದೆ ಅಂದುಕೊಂಡು ಅದನ್ನು ಒಳಗೆ ಹಾಕಬೇಡಿ, ಬಿಸಾಡಿ.

ಮದ್ಯ ಅಂದರೆ ಏನೂ ಸೇರಿಸದ ಸಾದಾ ವೋಡ್ಕಾ, ಶೇಕಡಾ 40ರದ್ದು. ರಮ್, ಬ್ರಾಂದಿಯಲ್ಲೂ ಆಗುತ್ತದೆ, ಅವು ತಮ್ಮ ರುಚಿಯನ್ನೂ ಸೇರಿಸುತ್ತವೆ. ಕಡಕ್ ಇದ್ದಷ್ಟೂ ಒಳ್ಳೆಯದು ಅಂತ ಶೇಕಡಾ 95ರ ಸ್ಪಿರಿಟ್ ತರಬೇಡಿ. ಕೋಡಿನ ಸಾರ ಬಿಡಲು ನೀರೂ ಬೇಕು, ಮದ್ಯವೂ ಬೇಕು. ಅಳತೆ ಕೇಳಿದರೆ, ಅಮೆರಿಕದಲ್ಲಿ ಅಂಗಡಿಯ ಎಕ್ಸ್‌ಟ್ರಾಕ್ಟಿಗೆ ಕಾನೂನೇ ಇದೆ. ಲೀಟರಿಗೆ ಸುಮಾರು 100 ಗ್ರಾಂ ಕೋಡು ಬೇಕು, ಮದ್ಯಸಾರ ಶೇಕಡಾ 35ಕ್ಕಿಂತ ಕಡಿಮೆ ಇರಬಾರದು. ನಾನು ತೂಗುವುದಿಲ್ಲ. ಒಂದು ಲೋಟಕ್ಕೆ ಏಳೆಂಟು ಕೋಡು ಹಾಕುತ್ತೇನೆ, ತೆಳ್ಳಗಿದ್ದರೆ ಇನ್ನೆರಡು. ಬಾಟಲಿ ಓರೆ ಮಾಡಿದರೆ ಕೋಡುಗಳು ಸುಲಭವಾಗಿ ಜಾರಬಾರದು, ಒಂದಕ್ಕೊಂದು ಒತ್ತಿಕೊಂಡಿರಬೇಕು.

ಈಗ ಸೀಳುವ ವಿಷಯ. ಎಲ್ಲರೂ ಕೆಡಿಸುವುದು ಇಲ್ಲೇ, ಹಾಗಾಗಿ ಗಮನ ಕೊಟ್ಟು ಓದಿ.

ಮೊದಲು ಕೈ. ಘಮಘಮ ಸೋಪು ಹಾಕಿ ತೊಳೆದ ಕೈಯಲ್ಲಿ ಕೋಡು ಮುಟ್ಟಬೇಡಿ. ಮದ್ಯ ವೆನಿಲ್ಲಾದ ಪರಿಮಳವನ್ನಷ್ಟೇ ಎಳೆಯುವುದಿಲ್ಲ, ಸೋಪಿನದ್ದನ್ನೂ ಎಳೆಯುತ್ತದೆ. ಈರುಳ್ಳಿ, ಬೆಳ್ಳುಳ್ಳಿ ಹೆಚ್ಚುವ ಮಣೆ, ಚಾಕು ಕೂಡ ಬೇಡ. ಪೊಟ್ಟಣದಿಂದ ತೆಗೆದ ಕೋಡುಗಳನ್ನು ಒಣ ಬಟ್ಟೆಯ ಮೇಲೆ ಹರಡಿ, ಪ್ಲಾಸ್ಟಿಕ್ ವಾಸನೆ ಹೋಗುವವರೆಗೆ ಹಾಗೇ ಬಿಡಿ. ಆಮೇಲೆ ಒಂದೊಂದನ್ನೇ ಬೆರಳುಗಳ ನಡುವೆ ಮೆಲ್ಲಗೆ ಹೊರಳಿಸಿ. ಬಿಗಿದುಕೊಂಡಿದ್ದ ಕೋಡು ಸಡಿಲವಾಗುತ್ತದೆ. ಮಣೆಯ ಮೇಲಿಟ್ಟು ಚಾಕುವಿನ ಬೆನ್ನಿನಿಂದ ತೊಟ್ಟಿನಿಂದ ತುದಿಯವರೆಗೆ ಒಮ್ಮೆ ಒತ್ತಿ ಎಳೆಯಿರಿ, ಚಪ್ಪಟೆ ಆಗಲಿ. ತೊಟ್ಟಿನ ಕಡೆ ಎರಡು ಬೆರಳಗಲ ಬಿಟ್ಟು ಅಲ್ಲಿಂದ ಕೆಳಕ್ಕೆ ಸೀಳಿ. ಮೇಲಿನ ಸಿಪ್ಪೆ ಮಾತ್ರ ಸೀಳಬೇಕು, ಕೆಳಗಿನದು ಹಾಗೇ ಇರಬೇಕು. ಎರಡು ಹೋಳಾದರೆ ಕೋಡು ಕದಡಿ ಬಾಟಲಿ ತುಂಬಾ ನಾರು ತೇಲುತ್ತದೆ. ಹೆಬ್ಬೆರಳಿನಿಂದ ಸೀಳನ್ನು ಸ್ವಲ್ಪ ಅಗಲಿಸಿ. ಒಳಗೆ ಕಪ್ಪಗೆ, ಜಿಗುಟಾಗಿ ಬೀಜ ಕಾಣಿಸುತ್ತದೆ. ಅದನ್ನು ಕೆರೆಯಬೇಡಿ, ಮದ್ಯವೇ ಒಳಗೆ ಹೋಗಿ ತೊಳೆದುಕೊಂಡು ಬರುತ್ತದೆ. ಬಾಟಲಿಗಿಂತ ಉದ್ದ ಇದ್ದರೆ ಮಡಚಿ ತುರುಕದೆ ಕತ್ತರಿಯಿಂದ ಅಡ್ಡಕ್ಕೆ ತುಂಡು ಮಾಡಿ.

ಇಷ್ಟಾದ ಮೇಲೆ ಚಾಕು ನೋಡಿ, ಮಣೆ ನೋಡಿ, ನಿಮ್ಮ ಬೆರಳು ನೋಡಿ. ಕಂದು ಎಣ್ಣೆ, ಕಪ್ಪು ಚುಕ್ಕೆ ಮೆತ್ತಿಕೊಂಡಿರುತ್ತದೆ. ಈಗಿನವರು ಅದನ್ನು ನಲ್ಲಿಯ ಕೆಳಗೆ ಹಿಡಿಯುತ್ತಾರೆ. ನನಗೆ ಈ ಕೆಲಸ ಕಲಿಸಿದ ದೊಡ್ಡಮ್ಮ ಚಾಕು ಒರೆಸಲು ಬಟ್ಟೆ ಎತ್ತಿಕೊಂಡರೆ ಸಾಕು, ಕೈ ಮೇಲೆ ಫಟ್ ಅಂತ ಒಂದು ಕೊಡುತ್ತಿದ್ದರು. “ಇರುವುದೆಲ್ಲ ಅದರಲ್ಲೇ ಇದೆ, ಒರೆಸುತ್ತೀಯಲ್ಲೇ!” ಅನ್ನುತ್ತಿದ್ದರು. ಅವರು ಬಾಟಲಿಗೆ ಹಾಕಬೇಕಾದ ಮದ್ಯದಲ್ಲೇ ಸ್ವಲ್ಪ ತೆಗೆದು ಅಗಲ ತಟ್ಟೆಗೆ ಸುರಿದು, ಚಾಕುವಿನ ಅಲಗು, ಕತ್ತರಿಯ ಬಾಯಿ, ತಮ್ಮ ಬೆರಳ ತುದಿ ಎಲ್ಲವನ್ನೂ ಅದರಲ್ಲಿ ಆಡಿಸುತ್ತಿದ್ದರು. ಮಣೆಯ ಮೇಲೂ ಎರಡು ಚಮಚ ಹನಿಸಿ, ಚಾಕುವಿನ ಬೆನ್ನಿನಿಂದ ಗೋರಿ ತಟ್ಟೆಗೆ ಎಳೆಯುತ್ತಿದ್ದರು. ಆಮೇಲೆ ತಟ್ಟೆಯಲ್ಲಿದ್ದದ್ದು ಪೂರ್ತಿ ಬಾಟಲಿಗೆ. ನಾನೂ ಹಾಗೇ ಮಾಡುತ್ತೇನೆ. ನೀವೂ ಮಾಡಿ, ಬಿಡಬೇಡಿ.

ಬಾಟಲಿಯ ಒಳಗೆ ಒಂದು ಹನಿ ನೀರೂ ಇರಬಾರದು. ತೊಳೆದು ಬೋರಲು ಹಾಕಿ, ಪೂರ್ತಿ ಒಣಗಿದ ಮೇಲೆ ಬಳಸಿ. ಇದು ಮನೆಯ ಎಲ್ಲಾ ಡಬ್ಬಿಗಳಿಗೂ ಅನ್ವಯ. ತೊಳೆದ ಕೂಡಲೇ ಮುಚ್ಚಳ ಬಿಗಿದು ಮೇಲೆ ಇಟ್ಟುಬಿಡುತ್ತೀರಿ, ಆಮೇಲೆ ತೆಗೆದಾಗ ಮುಗ್ಗಲು ವಾಸನೆ ಅಂತ ಗೊಣಗುತ್ತೀರಿ. ಮುಚ್ಚಳ ಬೇರೆ, ಡಬ್ಬಿ ಬೇರೆ ಒಣಗಿಸಿ. ಹಳೆ ಬಾಟಲಿಯ ಚೀಟಿಯ ಅಂಟು ಹೋಗದಿದ್ದರೆ ಉಗುರಿನಿಂದ ಕೆರೆಯುತ್ತಾ ಕೂರಬೇಡಿ. ಅಡುಗೆ ಎಣ್ಣೆ ಸವರಿ ಸ್ವಲ್ಪ ಹೊತ್ತು ಬಿಟ್ಟು ಒರೆಸಿದರೆ ಬಂದುಬಿಡುತ್ತದೆ.

ಕೋಡು ಪೂರ್ತಿ ಮುಳುಗಿರಬೇಕು, ತುದಿ ಹೊರಗೆ ಇಣುಕಬಾರದು. ಬಾಟಲಿಯನ್ನು ಕತ್ತಲ ಕಪಾಟಿನಲ್ಲಿಡಿ. ಫೋಟೊ ಚೆನ್ನಾಗಿ ಬರುತ್ತದೆ ಅಂತ ಕಿಟಕಿಯಲ್ಲಿ ಸಾಲಾಗಿ ನಿಲ್ಲಿಸುವುದು, ಹಾಳಾಗಬಾರದು ಅಂತ ಫ್ರಿಜ್ಜಿನಲ್ಲಿಡುವುದು ಎರಡೂ ತಪ್ಪು. ಬಿಸಿಲಿಗೆ ಪರಿಮಳ ಕೆಡುತ್ತದೆ, ತಣ್ಣಗಿದ್ದರೆ ಸಾರ ಬೇಗ ಬಿಡುವುದಿಲ್ಲ. ವಾರಕ್ಕೊಮ್ಮೆ ಅಲುಗಿಸಿದರೆ ಸಾಕು.

ಆಯಿತೋ ಇಲ್ಲವೋ ಅಂತ ಬಾಟಲಿಗೆ ಮೂಗಿಟ್ಟರೆ ತಿಳಿಯುವುದಿಲ್ಲ. ಅಂಗೈ ಮೇಲೆ ಎರಡು ಹನಿ ಹಾಕಿ ತಿಕ್ಕಿ. ಮದ್ಯದ ವಾಸನೆ ಹಾರಿಹೋಗಲಿ. ಆಮೇಲೂ ಕೈಯಲ್ಲಿ ಸಿಹಿಯಾದ ದಟ್ಟ ಪರಿಮಳ ನಿಂತರೆ ಆಗಿದೆ. ಹಿಂದೆಯೇ ಘಾಟು ಬಂದರೆ ಇನ್ನೊಂದು ತಿಂಗಳು ಮುಚ್ಚಿಡಿ.

ಎಲ್ಲವನ್ನೂ ಒಂದೇ ದೊಡ್ಡ ಬಾಟಲಿಯಲ್ಲಿ ಮಾಡಿ, ಹಬ್ಬದ ಹೊತ್ತಿಗೆ ತೆಳು ಬಟ್ಟೆಯಲ್ಲಿ ಸೋಸಿ ಕಂದು ಗಾಜಿನ ಪುಟ್ಟ ಬಾಟಲಿಗಳಿಗೆ ಕತ್ತಿನವರೆಗೆ ತುಂಬಿ. ತಳದಲ್ಲಿ ಕಪ್ಪು ಬೀಜ ಕೂತರೆ ಪರವಾಗಿಲ್ಲ. ಚೀಟಿಯಲ್ಲಿ ಹಾಕಿಟ್ಟ ತಿಂಗಳು, ಯಾವ ಮದ್ಯ ಎಂದು ಬರೆಯಿರಿ. ಮದ್ಯ ಇದೆ ಎನ್ನುವುದನ್ನು ಬಾಯಲ್ಲೂ ಹೇಳಿ ಕೊಡಿ, ಮಕ್ಕಳ ಕೈಗೆ ಸಿಗದಂತೆ ಇಡಲು ಹೇಳಿ. ಮದ್ಯ ಮುಟ್ಟದ ಮನೆಗೆ ಹೇಳದೆ ಕೊಟ್ಟು ಬರುವುದು ಸರಿಯಲ್ಲ. ಅಂಥವರಿಗೆ ತಿನ್ನಲು ಬಳಸುವ ಗ್ಲಿಸರಿನ್‌ನಲ್ಲಿ ಬೇರೆಯಾಗಿ ಮಾಡಬಹುದು. ಅದು ಇನ್ನೂ ನಿಧಾನ, ಪರಿಮಳವೂ ಸ್ವಲ್ಪ ಸಪ್ಪೆ. ಬರಿ ನೀರಿನಲ್ಲಿ ಮಾತ್ರ ಮಾಡಬೇಡಿ, ಕೆಡುತ್ತದೆ.

ಇಷ್ಟು ಹೇಳಿದರೂ ತಡವಾಗಿಯೇ ಶುರು ಮಾಡಿದ್ದರೆ, ಕೋಡಿನ ಸಮೇತ ಕೊಟ್ಟು “ಜೂನ್ ನಂತರ ತೆರೆಯಿರಿ” ಅಂತ ದೊಡ್ಡದಾಗಿ ಬರೆಯಿರಿ. ಸೋಸಿದ ಕೋಡುಗಳನ್ನು ಬಿಸಾಡಬೇಡಿ. ನೆರಳಲ್ಲಿ ಚೆನ್ನಾಗಿ ಒಣಗಿಸಿ ಸಕ್ಕರೆ ಡಬ್ಬಿಯಲ್ಲಿ ಹುದುಗಿಸಿಡಿ. ಕೆಲವು ವಾರದಲ್ಲಿ ಸಕ್ಕರೆಗೆಲ್ಲ ಪರಿಮಳ ಹತ್ತುತ್ತದೆ. ಅದನ್ನು ಯಾರಿಗೂ ಕೊಡಬೇಕಾಗಿಲ್ಲ, ನೀವೇ ಇಟ್ಟುಕೊಳ್ಳಿ.